ಬೆಂಟೊನೈಟ್ ಹಾಕಿದರೂ ರೇಷ್ಮೆ ಬಣ್ಣದ ನೀರು ತಿಳಿಯಾಗುತ್ತಿಲ್ಲ. ನಮ್ಮ ಎರೆಮಣ್ಣು ಕೆಲಸಕ್ಕೆ ಬರುತ್ತದೆಯೇ?

ರೇಷ್ಮೆಬಾನಿ (ಮೊಳಕಾಲ್ಮೂರು)
ಎಲ್ಲರಿಗೂ ನಮಸ್ಕಾರ. ಸೀರೆ ನೂಲಿಗೆ ಬಣ್ಣ ಹಾಕುವ ಸಣ್ಣ ಘಟಕದ ಲೆಕ್ಕ ಇದು. ದಿನಕ್ಕೆ ಸುಮಾರು 600 ಲೀಟರ್ ನೀರು ಹೊರಗೆ ಬರುತ್ತೆ. ಅದರಲ್ಲಿ ನೂಲಿನ ಗೋಂದು ತೆಗೆದ ಸೋಪು-ಸೋಡಾ ನೀರು 200 ಲೀಟರ್, ಬಣ್ಣದ ಬಾನಿಯಲ್ಲಿ ಉಳಿದದ್ದು 100, ಜಾಲಿಸಿದ್ದು 300. ಬಣ್ಣ ಎಲ್ಲಾ ಆಸಿಡ್ ಡೈ. ಕಡುಗಪ್ಪು, ಕಡುನೀಲಿಗೆ ಮಾತ್ರ ಮೆಟಲ್ ಕಾಂಪ್ಲೆಕ್ಸ್, ಅಂದ್ರೆ ಲೋಹ ಸೇರಿದ ಬಣ್ಣ.

ಜೇಡಿಮಣ್ಣು ಬಣ್ಣ ಹೀರುತ್ತೆ ಅಂತ ಎಲ್ಲಾ ಕಡೆ ಬರೆದಿರ್ತಾರೆ. ಮೂರೂ ನೀರು ಒಟ್ಟು ಮಾಡಿ ಲೀಟರಿಗೆ 5 ಗ್ರಾಂ ಬೆಂಟೊನೈಟ್ ಹಾಕಿ ಒಂದು ಗಂಟೆ ಕಲಸಿದರೆ ಕೆಂಪು ಕೆಂಪಾಗೇ ಉಳಿಯುತ್ತೆ. ಅದರ ಮೇಲೆ ನೀರು ಮಜ್ಜಿಗೆ ಥರ ಆಗಿ ಎರಡು ದಿನ ಬಿಟ್ಟರೂ ಮಣ್ಣು ತಳ ಹಿಡಿಯಲ್ಲ. ತಪ್ಪು ಎಲ್ಲಿದೆ? ಮಣ್ಣಿಗೆ ಏನೋ ಸೇರಿಸಿ ಮಾರ್ಪಡಿಸಬೇಕು ಅಂತಾರಲ್ಲ, ಅದನ್ನ ಘಟಕದ ಮಟ್ಟದಲ್ಲಿ ಮಾಡಬಹುದಾ? ಕಛ್‌ನಿಂದ ಬರೋ ಬೆಂಟೊನೈಟ್ ಬದಲು ಇಲ್ಲಿನ ಎರೆಮಣ್ಣೇ ಬಳಸಬಹುದಾ?

ಪದರಪದರ
ತಪ್ಪು ಮಣ್ಣಿನದ್ದಲ್ಲ, ಜೋಡಿಯದ್ದು. ಬೆಂಟೊನೈಟಿನ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ಅದರ ಪದರಗಳ ಮೈಮೇಲೆ ಋಣ ವಿದ್ಯುದಂಶ. ಆಸಿಡ್ ಡೈ ನೀರಿನಲ್ಲಿ ಕರಗಿದಾಗ ಅದೂ ಋಣ. ಒಂದನ್ನೊಂದು ದೂಡುತ್ತವೆ. ಲೀಟರಿಗೆ 5 ಅಲ್ಲ, 50 ಗ್ರಾಂ ಸುರಿದರೂ ಹಾಗೇ ಇರುತ್ತೆ. ನೀವು ಓದಿದ ಬರಹಗಳಲ್ಲಿ ಬಹುಪಾಲು ಮೆಥಿಲೀನ್ ಬ್ಲೂ ಇಟ್ಟುಕೊಂಡು ಮಾಡಿದ ಪ್ರಯೋಗಗಳು ಇರ್ತವೆ. ಅದು ಧನ ಬಣ್ಣ, ಹಸಿ ಮಣ್ಣಿಗೇ ಅಂಟಿಕೊಳ್ಳುತ್ತೆ. ಅದನ್ನು ನೋಡಿ ರೇಷ್ಮೆ ಬಣ್ಣಕ್ಕೆ ಲೆಕ್ಕ ಹಾಕಬಾರದು.

ಎರಡು ನಿಮಿಷದ ಪರೀಕ್ಷೆ ಇದೆ. ಒಂದು ಗಾಜಿನ ನಳಿಕೆಗೆ ಬಣ್ಣದ ನೀರು, ಚಿಟಿಕೆ ಹಸಿ ಬೆಂಟೊನೈಟ್. ಇನ್ನೊಂದಕ್ಕೆ ಅದೇ ನೀರು, ಎರಡು ಹನಿ ಬೆಂಜಾಲ್ಕೋನಿಯಂ ಕ್ಲೋರೈಡ್. ಮೊದಲನೆಯದರಲ್ಲಿ ಬಣ್ಣ ಮಣ್ಣಿಗೆ ಹತ್ತಿದರೆ ಅದು ಧನ ಬಣ್ಣ. ಎರಡನೆಯದು ಕದಡಿದರೆ ಋಣ ಬಣ್ಣವೋ ಸೋಪೋ ಇದೆ ಅಂತ ಅರ್ಥ. ನಿಮ್ಮದರಲ್ಲಿ ಎರಡೂ ಇವೆ.

ಹರಿಹರನೀರು
ಅದಕ್ಕೂ ಮೊದಲಿನ ತಪ್ಪು ಒಂದೈತ್ರಿ. ಮೂರೂ ನೀರು ಒಟ್ಟು ಮಾಡಬ್ಯಾಡ್ರಿ. ಗೋಂದಿನ ನೀರಲ್ಲಿ ಸೋಪು, ಸೋಡಾ, ಸೆರಿಸಿನ್ ಅನ್ನೋ ರೇಷ್ಮೆ ಗೋಂದು ಇರ್ತಾವೆ. ಸೋಪೂ ಋಣ. ಮಾರ್ಪಡಿಸಿದ ಮಣ್ಣು ಹಾಕಿದ್ರೆ ಮೊದಲು ಸೋಪೇ ಅದನ್ನ ತಿಂದು ಮುಗಿಸ್ತೈತಿ, ಬಣ್ಣಕ್ಕೆ ಏನೂ ಉಳಿಯಂಗಿಲ್ಲ.

ಗೋಂದಿನ ನೀರು ಬೇರೆ ಡ್ರಮ್ಮಿಗೆ ಹಿಡೀರಿ. ಆರಿದ ಮ್ಯಾಲೆ ತೆಳು ಗಂಧಕಾಮ್ಲ ಸ್ವಲ್ಪ ಸ್ವಲ್ಪನೇ ಹಾಕ್ತಾ ಪಿಎಚ್ 4ರ ಆಸುಪಾಸಿಗೆ ತನ್ರಿ. ಸೆರಿಸಿನ್ ಅಲ್ಲಿ ಹಿಂಜಿದ ಹತ್ತಿ ಹಂಗ ಒಡೀತೈತಿ, ಸೋಪು ಕೊಬ್ಬಿನಾಮ್ಲ ಆಗಿ ಮ್ಯಾಲೆ ತೇಲ್ತೈತಿ. ಸೋಡಾ ಇರೋದ್ರಿಂದ ಬುರುಗು ಉಕ್ಕತೈತಿ, ಡ್ರಮ್ಮಿನ ಕಾಲು ಭಾಗ ಖಾಲಿ ಬಿಟ್ಟಿರಬೇಕು. ರಾತ್ರಿ ಬಿಟ್ಟು, ಮ್ಯಾಲಿನ ಕೆನೆ ತೆಗೆದು, ತಳದ ಗಸಿ ಬಿಟ್ಟು, ನಡುವಿನ ನೀರು ಎತ್ತಿ ಸುಣ್ಣದಿಂದ ಪಿಎಚ್ 7ಕ್ಕೆ ತನ್ರಿ. ಆ ನೀರಿನ ಕೊಳೆ ಇಳಿಸೋದು ಜೈವಿಕ ತೊಟ್ಟಿ ಕೆಲಸ, ಮಣ್ಣಿನದ್ದಲ್ಲ.

ರೇಷ್ಮೆಬಾನಿ (ಮೊಳಕಾಲ್ಮೂರು)
ಇದು ಗೊತ್ತಿರಲಿಲ್ಲ ಅಣ್ಣ. ಹಾಗಾದ್ರೆ ಮಣ್ಣಿಗೆ ಬರೋದು 400 ಲೀಟರ್ ಮಾತ್ರ. ಬಾನಿ ನೀರನ್ನೂ ಜಾಲಿಸಿದ್ದನ್ನೂ ಸೇರಿಸಬಹುದಾ?

ಹರಿಹರನೀರು
ಸೇರಿಸ್ರಿ. ಬಾನಿ ನೀರಲ್ಲಿ ಎಷ್ಟು ಬಣ್ಣ ಉಳಿದಿರ್ತೈತಿ ಅನ್ನೋದು ಲೆಕ್ಕಕ್ಕೆ ಸಿಗ್ತೈತಿ. 1 ಕೆಜಿ ನೂಲಿಗೆ 2% ಬಣ್ಣ ಅಂದ್ರೆ 20 ಗ್ರಾಂ. 30 ಲೀಟರ್ ಬಾನಿ. ನೂಲು 90% ಎಳಕೊಂಡ್ರೆ 2 ಗ್ರಾಂ ಉಳೀತು, ಅಂದ್ರೆ ಲೀಟರಿಗೆ 67 ಮಿ.ಗ್ರಾಂ. ಹೆಂಗಾದ್ರೂ ಕುದಿ ಕೊನೇಗೆ ಹುಳಿ ಸ್ವಲ್ಪ ಜಾಸ್ತಿ ಕೊಟ್ಟು 95% ಎಳಿಸಿದ್ರೆ ಅದು ಅರ್ಧಕ್ಕೆ ಇಳೀತೈತಿ. ಬಣ್ಣ ನೂಲಿಗೆ ಹತ್ತೋದೇ ಎಲ್ಲಕ್ಕಿಂತ ಅಗ್ಗದ ಶುದ್ಧೀಕರಣ.

ಕರಿಚಿಪ್ಪು (ಹೊಸದುರ್ಗ)
ಇಷ್ಟೆಲ್ಲ ಯಾಕೆ? ತೆಂಗಿನ ಚಿಪ್ಪಿನ ಸಕ್ರಿಯ ಇದ್ದಿಲು ತುಂಬಿದ ಕೊಳವೆ ಇಟ್ಟರೆ ಮುಗೀತು. ನಮ್ಮ ಕಡೆ ಚಿಪ್ಪಿಗೇನು ಬರ.

ಪದರಪದರ
ಚಿಪ್ಪಿನ ಇದ್ದಿಲಿನ ರಂಧ್ರಗಳು ಬಹುತೇಕ ತೀರಾ ಕಿರಿದು, 2 ನ್ಯಾನೊಮೀಟರಿಗಿಂತ ಕಡಿಮೆ. ಬೆಂಜೀನ್, ಕ್ಲೋರೋಫಾರಂನಂಥ ಚಿಕ್ಕ ಅಣುಗಳಿಗೆ ಬಹಳ ಒಳ್ಳೆಯದು. ಎರಡು-ಮೂರು ಸಲ್ಫೋನೇಟ್ ಗುಂಪು ಹೊತ್ತ ದೊಡ್ಡ ಆಸಿಡ್ ಡೈ, ಅದರಲ್ಲೂ ಒಂದು ಕ್ರೋಮಿಯಂಗೆ ಎರಡು ಬಣ್ಣದ ಅಣು ಕಟ್ಟಿದ ಮೆಟಲ್ ಕಾಂಪ್ಲೆಕ್ಸ್, ಅದರೊಳಗೆ ಹೋಗೋದೇ ಇಲ್ಲ. ಬಣ್ಣಕ್ಕೆ ಕಟ್ಟಿಗೆ ಇದ್ದಿಲು ವಾಸಿ. ಇನ್ನೊಂದು, ಎಣ್ಣೆ ಜಿಡ್ಡು ಇರುವ ನೀರು ಇದ್ದಿಲಿನ ಬಾಯಿ ಮುಚ್ಚಿಬಿಡುತ್ತೆ. ಅದಕ್ಕೇ ಇದ್ದಿಲಿನ ಮುಂದೆ ಸಾವಯವ ಜೇಡಿಯ, ಅಂದರೆ ಮಾರ್ಪಡಿಸಿದ ಮಣ್ಣಿನ, ಕೊಳವೆ ಇಡುವ ಪದ್ಧತಿ ಬಂದಿರೋದು.

ಕರಿಚಿಪ್ಪು (ಹೊಸದುರ್ಗ)
ರಂಧ್ರದ ಮಾತು ಒಪ್ಪಿದೆ. ಆದರೆ ಇದ್ದಿಲು ನೀರಿಗೆ ಏನನ್ನೂ ಬಿಡಲ್ಲ. ನೀವು ಹೇಳೋ ಮಾರ್ಪಾಡಿನ ಮದ್ದು ನೀರಿಗೆ ಬಿಟ್ಟರೆ?

ಪದರಪದರ
ಸರಿಯಾದ ಆಕ್ಷೇಪ. ಅದಕ್ಕೆ ಬರ್ತೀನಿ, ಮೊದಲು ಮಾಡುವ ಕ್ರಮ ಹೇಳಿಬಿಡ್ತೀನಿ.

ಪದರಗಳ ನಡುವೆ ಇರುವ ಸೋಡಿಯಂ ಅಯಾನನ್ನು ತೆಗೆದು ಉದ್ದ ಬಾಲದ ಕ್ವಾಟರ್ನರಿ ಅಮೋನಿಯಂ ಅಯಾನು ಕೂರಿಸೋದೇ ಮಾರ್ಪಾಡು. ಸುಲಭಕ್ಕೆ ಕ್ವಾಟ್ ಅನ್ನೋಣ. ಹಸಿ ಸೋಡಿಯಂ ಮಣ್ಣಿನಲ್ಲಿ ಒಂದು ಪದರದಿಂದ ಮುಂದಿನ ಪದರಕ್ಕೆ ಸುಮಾರು 12.5 ಆಂಗ್‌ಸ್ಟ್ರಾಂ (ಹತ್ತು ಆಂಗ್‌ಸ್ಟ್ರಾಂ ಅಂದರೆ ಒಂದು ನ್ಯಾನೊಮೀಟರ್). 16 ಇಂಗಾಲದ ಬಾಲದ ಕ್ವಾಟ್ ಒಳಗೆ ಹೊಕ್ಕ ಮೇಲೆ ಅದು 18ರಿಂದ 20 ದಾಟುತ್ತೆ. ನೀರನ್ನು ಪ್ರೀತಿಸುತ್ತಿದ್ದ ಮಣ್ಣು ಎಣ್ಣೆಯ ಸ್ವಭಾವದ್ದಾಗುತ್ತೆ.

ಎಷ್ಟು ಹಾಕಬೇಕು ಅನ್ನೋದು ಮಣ್ಣಿನ ಧನ ಅಯಾನು ವಿನಿಮಯ ಸಾಮರ್ಥ್ಯದ ಮೇಲೆ ನಿಂತಿದೆ. ಮುಂದೆ ಸಿಇಸಿ ಅಂತ ಬರೀತೀನಿ. ಒಳ್ಳೆ ಬೆಂಟೊನೈಟಿಗೆ 100 ಗ್ರಾಂಗೆ 80ರ ಸುತ್ತಮುತ್ತ ಮಿಲಿಈಕ್ವಿವಲೆಂಟ್. 85 ಅಂತಿಟ್ಟುಕೊಳ್ಳಿ. 1 ಕೆಜಿಗೆ 850. ಸಿಟೈಲ್ ಟ್ರೈಮಿಥೈಲ್ ಅಮೋನಿಯಂ ಬ್ರೋಮೈಡ್ ಅನ್ನೋ ಕ್ವಾಟ್‌ನ ಅಣುತೂಕ 364. ಅಂದರೆ ಸಿಇಸಿಯ ಪೂರ್ತಿ 100% ತುಂಬಲು 1 ಕೆಜಿ ಮಣ್ಣಿಗೆ 310 ಗ್ರಾಂ. ಘಟಕಕ್ಕೆ ಅದು ದುಬಾರಿ. ಬೆಂಜಾಲ್ಕೋನಿಯಂ ಕ್ಲೋರೈಡ್, ಅದೂ ಕ್ವಾಟೇ, 50% ದ್ರಾವಣವಾಗಿ ಸಿಗುತ್ತೆ, ಸರಾಸರಿ ಅಣುತೂಕ ಸುಮಾರು 360, ಆ ಲೆಕ್ಕಕ್ಕೆ 610 ಗ್ರಾಂ ದ್ರಾವಣ ಬೇಕು.

20 ಲೀಟರ್ ಪ್ಲಾಸ್ಟಿಕ್ ಡ್ರಮ್ಮಿಗೆ 15 ಲೀಟರ್ ಮೃದು ನೀರು. 300 ಗ್ರಾಂ ಸೋಡಿಯಂ ಬೆಂಟೊನೈಟನ್ನು ಕಲಸುತ್ತಾ ಉದುರಿಸಿ. ಒಮ್ಮೆಲೇ ಸುರಿದರೆ ರಾಗಿ ಮುದ್ದೆ ಗಂಟಿನ ಹಾಗೆ ಹೊರಗೆ ನೆಂದು ಒಳಗೆ ಒಣಗಿರುತ್ತೆ. ರಾತ್ರಿಯಿಡೀ ಉಬ್ಬಲಿ. ಮರುದಿನ 60 ಡಿಗ್ರಿಗೆ ಬಿಸಿ ಮಾಡಿ. 183 ಗ್ರಾಂ 50% ಬೆಂಜಾಲ್ಕೋನಿಯಂ ದ್ರಾವಣವನ್ನು 2 ಲೀಟರ್ ಬೆಚ್ಚನೆ ನೀರಿಗೆ ಬೆರೆಸಿ, ಒಂದು ಗಂಟೆ ಹಿಡಿದು ಸಣ್ಣ ಧಾರೆಯಲ್ಲಿ ಬಿಡಿ. ಬೇಗ ಬಿಟ್ಟರೆ ಹೊರಗಿನ ಕಣಗಳು ಮೂರು ಪಾಲು ಕುಡಿದು ಒಳಗಿನವು ಉಪವಾಸ ಉಳೀತವೆ. ಇನ್ನು 3 ಗಂಟೆ ನಿಧಾನ ಕಲಸಿ. ಜೋರಾಗಿ ಕಲಸಿದರೆ ನೊರೆ. ಮಣ್ಣು ಹೆಪ್ಪುಗಟ್ಟಿ ತಳಕ್ಕೆ ಬರುತ್ತೆ, ಮೇಲೆ ತಿಳಿ ನೀರು. ಬಟ್ಟೆಯಲ್ಲಿ ಸೋಸಿ, ಜಾಲಿಸಿದ ನೀರಿನಲ್ಲಿ ಅಲುಗಾಡಿಸಿದರೆ ನೊರೆ ನಿಲ್ಲದಿರುವ ತನಕ ತೊಳೀರಿ. 60ರಿಂದ 70 ಡಿಗ್ರಿಯಲ್ಲಿ ಒಣಗಿಸಿ, ಪುಡಿ ಮಾಡಿ, 200 ಮೆಷ್ ಜರಡಿ. ಹಂಚಿನ ಮೇಲೆ ಹುರಿಯಬೇಡಿ, 200 ಡಿಗ್ರಿ ದಾಟಿದರೆ ಕ್ವಾಟ್ ಒಡೆದು ಹೋಗುತ್ತೆ.

ಫೌಂಡ್ರಿಮರಳು
ಸಿಇಸಿ 85 ಅಂತ ಇಟ್ಟುಕೊಳ್ಳೋದು ಬ್ಯಾಡ, ಅಳೀರಿ. ಎರಕದ ಕಾರ್ಖಾನೆ ಪ್ರಯೋಗಾಲಯದಾಗ ದಿನಾ ಮಾಡೋ ಪರೀಕ್ಷೆ ಇದು. ನೀರಿಲ್ಲದ ಮೆಥಿಲೀನ್ ಬ್ಲೂ 3.20 ಗ್ರಾಂ ಒಂದು ಲೀಟರಿಗೆ ಕರಗಿಸ್ರಿ. ಬಾಟಲಿ ಮ್ಯಾಲೆ ಟ್ರೈಹೈಡ್ರೇಟ್ ಅಂತ ಇದ್ರೆ 3.74 ಗ್ರಾಂ. ಆಗ 1 ಮಿ.ಲೀ. ಅಂದ್ರೆ 0.01 ಮಿಲಿಈಕ್ವಿವಲೆಂಟ್. ಒಣಗಿಸಿದ ಮಣ್ಣು ಅರ್ಧ ಗ್ರಾಂ 50 ಮಿ.ಲೀ. ನೀರಿಗೆ ಕದಡಿ, ಹತ್ತು ಹನಿ ತೆಳು ಗಂಧಕಾಮ್ಲ ಹಾಕಿ ಕುದಿಸಿ ಆರಿಸ್ರಿ. ಬ್ಲೂ 1 ಮಿ.ಲೀ. ಹಾಕೋದು, ಅರ್ಧ ನಿಮಿಷ ಅಲ್ಲಾಡಿಸೋದು, ಗಾಜಿನ ಕಡ್ಡಿಯಿಂದ ಒಂದು ಹನಿ ಸೋಸು ಕಾಗದದ ಮ್ಯಾಲೆ ಇಡೋದು. ನಡುವಿನ ಚುಕ್ಕೆ ಸುತ್ತ ತಿಳಿನೀಲಿ ಬಳೆ ಮೂಡಿದಾಗ ನಿಲ್ಲಿಸಿ, ಎರಡು ನಿಮಿಷ ಅಲ್ಲಾಡಿಸಿ ಮತ್ತೊಂದು ಹನಿ. ಬಳೆ ಉಳಿದ್ರೆ ಮುಗೀತು. 40 ಮಿ.ಲೀ. ಹೋದ್ರೆ ಸಿಇಸಿ 80.

ಕ್ಯಾಲ್ಸಿಯಂ ಬೆಂಟೊನೈಟೋ ಸೋಡಿಯಂದೋ ಅಂತ ನೋಡ್ಲಿಕ್ಕೆ 100 ಮಿ.ಲೀ. ಅಳತೆ ಜಾಡಿಗೆ 2 ಗ್ರಾಂ ಸ್ವಲ್ಪ ಸ್ವಲ್ಪ ಉದುರಿಸಿ ಒಂದು ದಿನ ಬಿಡ್ರಿ. 24 ಮಿ.ಲೀ. ದಾಟಿ ಉಬ್ಬಿದ್ರೆ ಸೋಡಿಯಂ. 10ರ ಒಳಗೇ ನಿಂತ್ರೆ ಕ್ಯಾಲ್ಸಿಯಂ. ಅದಕ್ಕೆ ಸೋಡಾ ಆಶ್ 3% ಸೇರಿಸಿ ಒದ್ದೆಯಾಗಿ ನಾದಿ ಎರಡು ದಿನ ಇಟ್ಟು ಆಮೇಲೆ ಬಳಸ್ಬೇಕು.

ಎರೆಹೊಲ (ದಾವಣಗೆರೆ)
ಈಗ ಮೂರನೇ ಪ್ರಶ್ನೆ. ಎರೆಮಣ್ಣು ಬೇಸಿಗೆಗೆ ಕಾಲು ಸಿಕ್ಕಿಬೀಳೋ ಹಂಗ ಬಿರುಕು ಬಿಡ್ತೈತಿ, ಮಳೆ ಬಿದ್ರೆ ಉಬ್ಬಿ ಮುಚ್ಚಿಕೊಳ್ತೈತಿ. ಆ ಗುಣ ಕೊಡೋದೇ ಮಾಂಟ್‌ಮೊರಿಲೊನೈಟ್ ಜಾತಿ ಖನಿಜ. ಹಂಗಂತ ಹೊಲದ ಮಣ್ಣು ಅಗೆದು ಡ್ರಮ್ಮಿಗೆ ಹಾಕಿದ್ರೆ ಆಗಂಗಿಲ್ಲ. ಅದರಾಗ ಜೇಡಿ ಭಾಗ ಅರ್ಧದ ಆಸುಪಾಸು, ಉಳಿದದ್ದು ಮರಳು, ನವುರು ಮಣ್ಣು, ಸುಣ್ಣದ ಹರಳು, ಕೊಳೆತ ಬೇರು.

ಬೇರ್ಪಡಿಸೋ ದಾರಿ ಹಿಂಗ. ಮೇಲಿನ ಒಂದಡಿ ಬಿಟ್ಟು ಕೆಳಗಿನ ಮಣ್ಣು ತಗೋರಿ, ಬೇರು, ಗೊಬ್ಬರ ಕಡಿಮೆ ಇರ್ತೈತಿ. ಒಣಗಿಸಿ ಕುಟ್ಟಿ 2 ಮಿ.ಮೀ. ಜರಡಿ. ಸುಣ್ಣ ಹೋಗಲಿಕ್ಕೆ ತೆಳು ಅಸಿಟಿಕ್ ಆಮ್ಲ, ಪಿಎಚ್ 5ರ ಕೆಳಗೆ ಬೀಳಬಾರದು, ಬುರುಬುರು ನಿಲ್ಲೋ ತನಕ. ಬಲವಾದ ಆಮ್ಲ ಹಾಕಿದ್ರೆ ಖನಿಜನೇ ಕರಗ್ತೈತಿ. ಎರಡು ಸಲ ತೊಳೆದು, ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಲೀಟರಿಗೆ ಅರ್ಧ ಗ್ರಾಂ ಸೇರಿಸಿ ಚೆನ್ನಾಗಿ ಕದಡಿ ನಿಲ್ಲಿಸ್ರಿ. 2 ಮೈಕ್ರಾನ್ ಕಣ 10 ಸೆಂ.ಮೀ. ಇಳೀಲಿಕ್ಕೆ 20 ಡಿಗ್ರಿಯಲ್ಲಿ ಸುಮಾರು 8 ಗಂಟೆ, ನಮ್ಮ 30 ಡಿಗ್ರಿ ಸೆಕೆಯಾಗ 6 ಗಂಟೆ ಚಿಲ್ಲರೆ. ಅಷ್ಟು ಹೊತ್ತಾದ ಮ್ಯಾಲೆ ಮೇಲಿನ 10 ಸೆಂ.ಮೀ. ಕದಡು ನೀರನ್ನ ಮಾತ್ರ ಪೈಪ್ ಇಟ್ಟು ಎಳೀರಿ. ಅದೇ ಜೇಡಿ. ಉಪ್ಪು ಲೀಟರಿಗೆ 58 ಗ್ರಾಂ ಕರಗಿಸಿದ ನೀರಲ್ಲಿ ಮೂರು ಸಲ ಕಲಸಿ ತೊಳೆದ್ರೆ ಸೋಡಿಯಂ ರೂಪಕ್ಕೆ ಬರ್ತೈತಿ. ಬೆಳ್ಳಿ ನೈಟ್ರೇಟ್ ಹನಿಗೆ ಬಿಳುಪು ಬರೋದು ನಿಂತಾಗ ಉಪ್ಪು ಹೋಗಿರ್ತೈತಿ.

ಹರಿಹರನೀರು
ಇಷ್ಟೆಲ್ಲ ಮಾಡಿ ಕೊನೆಗೆ ಕೈಗೆ ಬರೋದು ಎಷ್ಟು? 100 ಕೆಜಿ ಮಣ್ಣಿಗೆ 30–40 ಕೆಜಿ ಜೇಡಿ, ಅದಕ್ಕೆ ಸಾವಿರಾರು ಲೀಟರ್ ನೀರು. ಮೊಳಕಾಲ್ಮೂರು, ಚಳ್ಳಕೆರೆ ಸೀಮೇಲಿ ಆ ನೀರು ಎಲ್ಲಿಂದ ತರ್ತೀರಿ? ನೀರು ಉಳಿಸೋಕೆ ಹೊರಟು ನೀರು ಚೆಲ್ಲೋ ಕೆಲಸ ಇದು. ಮೂಟೆ ಬೆಂಟೊನೈಟ್ ತರೋದೇ ಸರಿ.

ಎರೆಹೊಲ (ದಾವಣಗೆರೆ)
ನೀರಿನ ಮಾತು ಒಪ್ಪತೀನಿ. ಆದ್ರ ಒಂದು ಸಲ ಉಪ್ಪಿನ ನೀರು ಮರುಬಳಕೆ ಆಗ್ತೈತಿ, ಕದಡಿದ ನೀರೂ ಮರುಬಳಕೆ ಆಗ್ತೈತಿ. ಮತ್ತ ಎಲ್ಲಾ ಕಡೆ ಈ ಪೂರ್ತಿ ಶುದ್ಧಿ ಬೇಕಾಗಿಲ್ಲ. ಮರಳು ತೆಗೆದು ಸುಣ್ಣ ಕಳೆದ ಎರೆಮಣ್ಣಿನ ಸಿಇಸಿ 50 ಬಂದ್ರೂ ಸಾಕು, ಅಷ್ಟಕ್ಕೆ ತಕ್ಕ ಕ್ವಾಟ್ ಹಾಕಿ. ಮಣ್ಣು ಜಾಸ್ತಿ ಬೇಕಾಗ್ತೈತಿ, ಗಸಿ ಜಾಸ್ತಿ ಆಗ್ತೈತಿ. ಆ ಲೆಕ್ಕ ನೋಡಿ ತೀರ್ಮಾನ ಮಾಡ್ಲಿ.

ಕೆಮ್ಮಣ್ಣುದಿಬ್ಬ (ಹೊಳಲ್ಕೆರೆ)
ಕೆಮ್ಮಣ್ಣು ಬಳಸಬಹುದಲ್ಲ? ಅದು ನೀರಲ್ಲಿ ಬೇಗ ತಳ ಹಿಡಿಯುತ್ತೆ.

ಪದರಪದರ
ಕೆಮ್ಮಣ್ಣಿನ ಜೇಡಿ ಹೆಚ್ಚಾಗಿ ಕಯೊಲಿನೈಟ್. ಸಿಇಸಿ 3ರಿಂದ 15. ಪದರಗಳ ನಡುವೆ ಜಾಗವೇ ಇಲ್ಲ, 7 ಆಂಗ್‌ಸ್ಟ್ರಾಂ ಚಿಲ್ಲರೆಯಲ್ಲಿ ಬಿಗಿಯಾಗಿ ಕೂತಿರುತ್ತೆ. ಕ್ವಾಟ್ ಕೂರಿಸಲು ಹೊರಮೈ ಮಾತ್ರ. ಆದರೆ ಅದರಲ್ಲಿರುವ ಕಬ್ಬಿಣದ ಆಕ್ಸೈಡು ಪಿಎಚ್ 7ರ ಕೆಳಗೆ ಧನ ಆಗುತ್ತೆ, ಹುಳಿ ನೀರಿನಲ್ಲಿ ಆಸಿಡ್ ಡೈಯನ್ನು ಸ್ವಲ್ಪ ಹಿಡಿಯುತ್ತೆ. ಅದು ಮುಖ್ಯ ಚಿಕಿತ್ಸೆ ಆಗಲಾರದು.

ಕರಿಚಿಪ್ಪು ಅವರ ಆಕ್ಷೇಪಕ್ಕೆ ಈಗ ಉತ್ತರ. ಸಿಇಸಿಯ 100% ವರೆಗೆ ಕೂತ ಕ್ವಾಟ್ ಅಯಾನು ವಿನಿಮಯದಿಂದ ಕೂತಿರುತ್ತೆ, ಸುಲಭಕ್ಕೆ ಬಿಡಲ್ಲ. ಅದರ ಮೇಲೆ ಹಾಕಿದ್ದು ಬಾಲಕ್ಕೆ ಬಾಲ ಅಂಟಿಕೊಂಡು ಎರಡನೇ ಸಾಲಾಗಿ ಕೂರುತ್ತೆ, ತಲೆ ಹೊರಗೆ. ಮಣ್ಣಿನ ಮೈ ಋಣದಿಂದ ಧನಕ್ಕೆ ತಿರುಗೋದು ಆಗಲೇ. ಆಸಿಡ್ ಡೈ ಹಿಡಿಯುವ ಶಕ್ತಿ ಏರೋದೂ ಆಗಲೇ. ಆದರೆ ಆ ಎರಡನೇ ಸಾಲು ನೀರಿಗೆ ಜಾರುವುದೂ ನಿಜ.

ಬಣ್ಣತಂತ್ರ
ಅದಕ್ಕೇ ಆಸಿಡ್ ಡೈಗೆ ಸಿಇಸಿಯ 200% ಕ್ವಾಟ್ ಹಾಕಬೇಕು. 100%ನಲ್ಲಿ ಅರ್ಧ ಬಣ್ಣವೂ ಹೋಗಲ್ಲ.

ಹರಿಹರನೀರು
200% ಹಾಕಿ ಹಳ್ಳಕ್ಕೆ ಬಿಟ್ರೆ ಮೀನು ಸಾಯ್ತಾವ್ರಿ. ಕ್ವಾಟ್ ಅಂದ್ರೆ ಕ್ರಿಮಿನಾಶಕ, ಆಸ್ಪತ್ರೆ ನೆಲ ಒರೆಸೋದು ಅದರಲ್ಲೇ. ಪರಿಸರ ಸಂರಕ್ಷಣಾ ನಿಯಮಗಳು, 1986ರ ಸಾಮಾನ್ಯ ಮಾನದಂಡದಲ್ಲಿ ಜೈವಿಕ ಪರೀಕ್ಷೆ ಅಂತ ಒಂದು ಸಾಲು ಐತಿ: ಹೊರಬಿಡೋ ನೀರಲ್ಲಿ ಏನೂ ಬೆರೆಸದೆ 96 ಗಂಟೆ ಬಿಟ್ರೆ 90% ಮೀನು ಬದುಕಿರಬೇಕು. ಆ ಸಾಮಾನ್ಯ ಮಾನದಂಡದಲ್ಲಿ ಬಣ್ಣಕ್ಕೆ ಅಂಕಿ ಮಿತಿ ಇಲ್ಲ, ಸಾಧ್ಯವಾದಷ್ಟು ತೆಗೀರಿ ಅಂತಷ್ಟೇ ಐತಿ; ಜವಳಿ ಘಟಕಗಳಿಗೆ ಮಾತ್ರ 2016ರಿಂದ ಬೇರೆ ಅಂಕಿ ಮಿತಿ ಐತಿ. ಬಣ್ಣ ತೆಗೆಯೋ ಭರದಲ್ಲಿ ವಿಷ ಬಿಡೋದು ಯಾವ ನ್ಯಾಯ? ಮುಂದೆ ಜೈವಿಕ ತೊಟ್ಟಿ ಇದ್ರೆ ಅದರ ಬ್ಯಾಕ್ಟೀರಿಯಾನೂ ಹೋಗ್ತಾವೆ, ಅಮೋನಿಯಾವನ್ನ ನೈಟ್ರೇಟ್ ಮಾಡೋ ಜಾತಿ ಮೊದಲು.

ಸಿಒಡಿ, ಅಂದ್ರೆ ನೀರಿನ ಕೊಳೆ ರಾಸಾಯನಿಕವಾಗಿ ಉರಿಯಲಿಕ್ಕೆ ಬೇಕಾದ ಆಮ್ಲಜನಕ, ಅದರ ಲೆಕ್ಕನೂ ನೋಡ್ರಿ. ಸಿಟೈಲ್ ಟ್ರೈಮಿಥೈಲ್ ಅಯಾನು 1 ಗ್ರಾಂ ಪೂರ್ತಿ ಉರಿಯಲಿಕ್ಕೆ 3.2 ಗ್ರಾಂ ಆಮ್ಲಜನಕ ಬೇಕು. ಲೀಟರಿಗೆ 10 ಮಿ.ಗ್ರಾಂ ಸೋರಿದ್ರೆ ಸಿಒಡಿ 32 ಏರ್ತೈತಿ. ನೀರು ನೋಡಿದ್ರೆ ತಿಳಿ, ವರದಿ ನೋಡಿದ್ರೆ ಕೆಟ್ಟದ್ದು. ಒಳನಾಡು ನೀರಿಗೆ ಬಿಡೋಕೆ ಲೀಟರಿಗೆ ಸಿಒಡಿ ಮಿತಿ 250, ಬಿಒಡಿ (ಜೀವಾಣು ಕೊಳೆ ತಿನ್ನಲಿಕ್ಕೆ ಬೇಕಾದ ಆಮ್ಲಜನಕ) 30, ಎಣ್ಣೆ-ಜಿಡ್ಡು 10, ಫೀನಾಲ್ 1 ಮಿ.ಗ್ರಾಂ.

ಬಣ್ಣತಂತ್ರ
ಸೋರುತ್ತೆ ಅನ್ನೋದು ಒಪ್ಪಿದೆ. ಅದಕ್ಕೆ ಮದ್ದೂ ಇದೆ. ಕೊನೆಯಲ್ಲಿ ಹಸಿ ಬೆಂಟೊನೈಟ್ ಲೀಟರಿಗೆ 0.3ರಿಂದ 0.5 ಗ್ರಾಂ ಹಾಕಿ ಹದಿನೈದು ನಿಮಿಷ ಕಲಸಿ. ಜಾರಿ ಬಂದ ಕ್ವಾಟನ್ನು ಅದು ಎಳೆದುಕೊಳ್ಳುತ್ತೆ, ಹಸಿ ಮಣ್ಣಿಗೆ ಕ್ವಾಟ್ ಅಂದರೆ ಅಷ್ಟು ಹಸಿವು.

ಪದರಪದರ
ಅದು ಒಳ್ಳೆ ಉಪಾಯ. ಆದರೂ 200% ಬೇಡ. 120% ಹತ್ತಿರ ನಿಲ್ಲಿಸಿ, ಮೇಲೆ ಉಳಿದ ಬಣ್ಣವನ್ನು ಪಾಲಿಅಲ್ಯುಮಿನಿಯಂ ಕ್ಲೋರೈಡಿಗೆ ಬಿಡಿ. ಮಣ್ಣು ಕೂರಿಸಲು ಅದು ಹೇಗೂ ಬೇಕು.

ಬಣ್ಣತಂತ್ರ
ಪಾಲಿಅಲ್ಯುಮಿನಿಯಂ ಒಂದರಿಂದಲೇ ಎಷ್ಟು ಬಣ್ಣ ಹೋಗುತ್ತೆ ಅನ್ನೋದನ್ನು ಬೇರೆ ಜಾಡಿಯಲ್ಲಿ ನೋಡಲೇಬೇಕು. ಇಲ್ಲದಿದ್ದರೆ ಅದರ ಕೆಲಸವನ್ನು ಮಣ್ಣಿನ ಖಾತೆಗೆ ಬರೆದುಕೊಳ್ತೀರಿ.

ಚೊಗರುಮನೆ (ಚನ್ನಗಿರಿ)
ನಡುವೆ ಬಂದು ಕೇಳ್ತಿದ್ದೀನಿ. ಅಡಿಕೆ ಬೇಯಿಸಿದ ಚೊಗರಿಗೆ ಇದು ಆಗುತ್ತಾ? ಹಳ್ಳಕ್ಕೆ ಬಿಟ್ಟರೆ ನೀರು ಕಂದುಗಟ್ಟಿ ನಾರುತ್ತೆ.

ಪದರಪದರ
ಚೊಗರಿನಲ್ಲಿ ಟ್ಯಾನಿನ್, ಅಂದರೆ ದೊಡ್ಡ ದೊಡ್ಡ ಪಾಲಿಫೀನಾಲ್. ಸಾವಯವ ಜೇಡಿ ಅದನ್ನು ಚೆನ್ನಾಗೇ ಹಿಡಿಯುತ್ತೆ, ಪಿಎಚ್ 5–6ರಲ್ಲಿ. ಆದರೆ ಚೊಗರಿನ ಗಟ್ಟಿತನಕ್ಕೆ ಮೂಟೆಗಟ್ಟಲೆ ಮಣ್ಣು ಬೇಕು. ಗಟ್ಟಿ ಚೊಗರನ್ನು ಇಂಗಿಸಿ ಇಟ್ಟುಕೊಳ್ಳಿ, ಪಾತ್ರೆ ತೊಳೆದ ತೆಳು ನೀರಿಗೆ ಮಾತ್ರ ಮಣ್ಣು.

ರೇಷ್ಮೆಬಾನಿ (ಮೊಳಕಾಲ್ಮೂರು)
ಚೊಗರನ್ನ ಚೆಲ್ಲೋದೇ ಯಾಕೆ? ನೂಲಿಗೆ ಒಳ್ಳೆ ಕಂದು ಬಣ್ಣ ಅದು. ಪಟಿಕ ಕೊಟ್ಟರೆ ಕೆಂಗಂದು, ಕಬ್ಬಿಣ ತಾಗಿದರೆ ಬೂದುಗಪ್ಪು. ಕಬ್ಬಿಣದ ಡ್ರಮ್ಮಿನಲ್ಲಿ ಮಾತ್ರ ಇಡಬೇಡಿ.

ಮಂಡಕ್ಕಿಭಟ್ಟಿ (ದಾವಣಗೆರೆ)
ಭತ್ತ ನೆನೆಸಿದ ನೀರಿಗೂ?

ಹರಿಹರನೀರು
ಅದರಾಗ ಕರಗಿದ ಸಕ್ಕರೆ, ಗಂಜಿ ಜಾಸ್ತಿ. ಜೇಡಿಗೆ ಅದು ಹತ್ತಂಗಿಲ್ಲ. ಗಾಳಿ ಇಲ್ಲದ ತೊಟ್ಟಿಗೆ ಬಿಟ್ರೆ ಗ್ಯಾಸಾದ್ರೂ ಬರ್ತೈತಿ.

ಗಾಣದೆಣ್ಣೆ (ಚಳ್ಳಕೆರೆ)
ಎಣ್ಣೆ ಮಿಲ್ಲಿನ ನೀರಿನ ಬಗ್ಗೆ ಎರಡು ಮಾತು. ಸಾವಯವ ಜೇಡಿಗೆ ನಿಜವಾಗಿ ಒಪ್ಪುವ ಕೆಲಸ ಎಣ್ಣೆ ಹೀರೋದು. ತನ್ನ ತೂಕದ ಅರ್ಧದಷ್ಟು ಹಿಡಿಯುತ್ತೆ. ಮೊದಲು ತೇಲುವ ಎಣ್ಣೆ ತೆಗೆದಿರಬೇಕು, ಕದಡಿ ಹಾಲಾಗಿರುವ ಎಣ್ಣೆಗೆ ಮಾತ್ರ ಇದು. ಕೊಳವೆಗೆ ಬರೀ ಜೇಡಿ ತುಂಬಿದರೆ ಎಣ್ಣೆ ಕುಡಿದು ಉಬ್ಬಿ ಮೂರನೇ ದಿನಕ್ಕೆ ನೀರು ನಿಲ್ಲುತ್ತೆ. ತೂಕದಲ್ಲಿ 30 ಪಾಲು ಜೇಡಿ ಹರಳು, 70 ಪಾಲು ಆಂಥ್ರಸೈಟ್ ಕಲ್ಲಿದ್ದಲ ಹರಳು ಬೆರೆಸಬೇಕು.

ಇನ್ನೊಂದು, ಎಣ್ಣೆ ಬಿಳುಪು ಮಾಡಿ ಬಿಸಾಡಿದ ಮಣ್ಣು ಪುಕ್ಕಟೆ ಸಿಗುತ್ತೆ ಅಂತ ಬಣ್ಣದ ನೀರಿಗೆ ತರೋರಿದ್ದಾರೆ. ಅದು ಆಮ್ಲದಲ್ಲಿ ಬೇಯಿಸಿದ ಬೆಂಟೊನೈಟು. ಅದರಲ್ಲಿ 20ರಿಂದ 40% ಎಣ್ಣೆ ಉಳಿದಿರುತ್ತೆ. ರಾಶಿ ಹಾಕಿದರೆ ಎಣ್ಣೆ ಗಾಳಿಗೆ ಉತ್ಕರ್ಷಣ ಆಗಿ ಒಳಗೆ ಕಾವು ಏರಿ ತಾನಾಗೇ ಹೊತ್ತಿಕೊಳ್ಳುತ್ತೆ. ಚೀಲದಲ್ಲಿ ತುಂಬಿ ಶೆಡ್ಡಿನೊಳಗೆ ಇಡೋದೇ ಬೇಡ. ತೆಳ್ಳಗೆ ಹರಡಿ, ನೀರು ಚಿಮುಕಿಸಿ, ಹೊರಗೆ ಇಡಿ.

ಪದರಪದರ
ಈ ಎಚ್ಚರಿಕೆ ಬಹಳ ಮುಖ್ಯ, ದಯವಿಟ್ಟು ಯಾರೂ ಹಗುರವಾಗಿ ತಗೋಬೇಡಿ.

ರಂಗೋಲಿಪುಡಿ
ಪದರ ಜೋಡಿ ಹೈಡ್ರಾಕ್ಸೈಡ್ ಯಾರೂ ಹೇಳಲಿಲ್ಲ. ಮೆಗ್ನೀಶಿಯಂ 3, ಅಲ್ಯುಮಿನಿಯಂ 1 ಪಾಲಿನ ಲವಣ, ಪಿಎಚ್ 10ಕ್ಕೆ ಕ್ಷಾರ ಕೊಟ್ಟು ಗಸಿ ಮಾಡಿ, 450–500 ಡಿಗ್ರಿಗೆ ಸುಟ್ಟರೆ ಆಸಿಡ್ ಡೈಯನ್ನು ಸೀದಾ ಎಳೆದುಕೊಳ್ಳುತ್ತೆ. ಕ್ವಾಟ್ ಬೇಕೇ ಇಲ್ಲ. ಮೈಯೇ ಧನ.

ಬಣ್ಣತಂತ್ರ
ನಿಜ, ಆದರೆ ರೇಷ್ಮೆ ಬಾನಿಗೆ ಗ್ಲಾಬರ್ ಉಪ್ಪು, ಅಂದರೆ ಸೋಡಿಯಂ ಸಲ್ಫೇಟ್, ಹಾಕಿರ್ತಾರೆ. ಬಣ್ಣಕ್ಕಿಂತ ಮೊದಲು ಸಲ್ಫೇಟ್ ಒಳಗೆ ಹೋಗಿ ಕೂರುತ್ತೆ, ಕಾರ್ಬೊನೇಟ್ ಅದಕ್ಕೂ ಮುಂಚೆ. ಜಾಲಿಸಿದ ನೀರಿಗೆ ಆದೀತು, ಬಾನಿ ನೀರಿಗೆ ಕಷ್ಟ.

ರೇಷ್ಮೆಬಾನಿ (ಮೊಳಕಾಲ್ಮೂರು)
ಎಲ್ಲರಿಗೂ ಕೈ ಮುಗೀತೀನಿ. ಈಗ 400 ಲೀಟರಿಗೆ ಎಷ್ಟು ಮಣ್ಣು, ಯಾವ ಕ್ರಮ ಅಂತ ಯಾರಾದರೂ ಒಂದು ಕಡೆ ಹೇಳಿ.

ಹರಿಹರನೀರು
ಮೊದಲು ಜಾಡಿ ಪರೀಕ್ಷೆ. ಆರು ಜಾಡಿ, ತಲಾ ಅರ್ಧ ಲೀಟರ್ ಬಣ್ಣದ ನೀರು, ಪಿಎಚ್ 6. ಒಂದಕ್ಕೆ ಏನೂ ಹಾಕಬ್ಯಾಡ್ರಿ. ಉಳಿದವಕ್ಕೆ ಲೀಟರಿಗೆ 0.25, 0.5, 1, 2, 3 ಗ್ರಾಂ ಬೀಳೋ ಹಂಗ ಜೇಡಿ. ಒಣ ಪುಡಿ ಸುರಿದ್ರೆ ನೀರು ತಾಗದೆ ಮ್ಯಾಲೆ ತೇಲ್ತೈತಿ, ಅದಕ್ಕೆ ಬೆಚ್ಚನೆ ನೀರಲ್ಲಿ ಮೊದಲೇ ನಾದಿ ಗಂಜಿ ಮಾಡಿ ಹಾಕ್ರಿ. 45 ನಿಮಿಷ ಕಲಸಿ. ಬಣ್ಣ ನೋಡೋಕೆ ಅದೇ ಡೈಯನ್ನ ಲೀಟರಿಗೆ 50, 25, 12.5, 6, 3 ಮಿ.ಗ್ರಾಂ ಕರಗಿಸಿದ ನಳಿಕೆ ಸಾಲು ಬಿಳಿ ಕಾಗದದ ಮುಂದೆ ಇಟ್ಟು ಹೋಲಿಸ್ರಿ. ಹೋಲಿಸೋ ಮೊದಲು ಎಲ್ಲದರ ಪಿಎಚ್ ಒಂದೇ ಮಾಡ್ರಿ, ಕೆಲವು ಡೈ ಪಿಎಚ್ ಬದಲಾದ್ರೆ ಬಣ್ಣ ಬದಲಿಸ್ತಾವೆ, ಹೋಯ್ತು ಅಂತ ಮೋಸ ಹೋಗ್ತೀರಿ. ಸೋಸು ಕಾಗದನೂ ಬಣ್ಣ ಕುಡೀತೈತಿ, ಏನೂ ಹಾಕದ ಜಾಡಿಯನ್ನೂ ಸೋಸಿ ನೋಡ್ರಿ.

ಉದಾಹರಣೆಗೆ ಮಿಶ್ರ ನೀರಲ್ಲಿ ಲೀಟರಿಗೆ 50 ಮಿ.ಗ್ರಾಂ ಬಣ್ಣ, 5ಕ್ಕೆ ಇಳಿಸಬೇಕು. ಪರೀಕ್ಷೇಲಿ ಆ ಮಟ್ಟಕ್ಕೆ ಒಂದು ಗ್ರಾಂ ಜೇಡಿ 45 ಮಿ.ಗ್ರಾಂ ಹಿಡೀತು ಅಂದ್ರೆ ಲೀಟರಿಗೆ 1 ಗ್ರಾಂ, ದಿನಕ್ಕೆ 400 ಗ್ರಾಂ. ಪುಸ್ತಕದಾಗ ಬರೆದಿರೋ ಗರಿಷ್ಠ ಸಾಮರ್ಥ್ಯ ಹಾಕಬ್ಯಾಡ್ರಿ, ಅದು ಗಟ್ಟಿ ಬಣ್ಣದ ನೀರಲ್ಲಿ ಬರೋ ಅಂಕಿ.

ಬಣ್ಣತಂತ್ರ
ಎರಡು ಹಂತ ಮಾಡಿದರೆ ಮಣ್ಣು ಉಳಿಯುತ್ತೆ. ನಿನ್ನೆ ಎರಡನೇ ಡ್ರಮ್ಮಿಗೆ ಹಾಕಿದ ಮಣ್ಣನ್ನು ಇವತ್ತು ಮೊದಲ ಡ್ರಮ್ಮಿಗೆ, ಹೊಸ ಮಣ್ಣು ಎರಡನೆಯದಕ್ಕೆ. ಅರೆ ತುಂಬಿದ ಮಣ್ಣು ಗಟ್ಟಿ ಬಣ್ಣದಲ್ಲಿ ಇನ್ನಷ್ಟು ಹಿಡಿಯುತ್ತೆ.

ಹರಿಹರನೀರು
ಹೌದು, 200 ಲೀಟರಿನ ಎರಡು ಡ್ರಮ್ ಸಾಕು, ದಿನಕ್ಕೆ ಎರಡು ಸುತ್ತು. ಕಲಸಿದ ಮ್ಯಾಲೆ ಪಾಲಿಅಲ್ಯುಮಿನಿಯಂ ಕ್ಲೋರೈಡ್ ಲೀಟರಿಗೆ 50ರಿಂದ 100 ಮಿ.ಗ್ರಾಂ, ಒಂದು ನಿಮಿಷ ಜೋರು, ಹದಿನೈದು ನಿಮಿಷ ನಿಧಾನ, ಎರಡು ಗಂಟೆ ನಿಲ್ಲಿಸೋದು. ನಿಮ್ಮ ಮಜ್ಜಿಗೆ ತೊಂದರೆ ಇಲ್ಲಿಗೆ ಮುಗೀತೈತಿ. ಆಮೇಲೆ ತಿಳಿ ನೀರಿಗೆ ಹಸಿ ಬೆಂಟೊನೈಟ್ ಅರ್ಧ ಗ್ರಾಂ, ಮತ್ತೆ ಅದೇ ರೀತಿ ಕೂರಿಸಿ, ಕೊನೆಗೆ ಮರಳಿನ ಸೋಸು. 100 ಮಿ.ಲೀ. ಬಾಟಲಿಗೆ ಅರ್ಧ ತುಂಬಿ ಅರ್ಧ ನಿಮಿಷ ಅಲ್ಲಾಡಿಸ್ರಿ. ನೊರೆ ಎರಡು ನಿಮಿಷ ನಿಂತ್ರೆ ಕ್ವಾಟ್ ಇನ್ನೂ ಐತಿ. ನೊರೆ ಇಲ್ಲ ಅಂದ್ರೂ ಮೊದಲ ಸಲ ಪ್ರಯೋಗಾಲಯಕ್ಕೆ ಕಳಿಸ್ರಿ.

ಉಪ್ಪು ಹಾಗೇ ಉಳೀತೈತಿ. ಮಣ್ಣು ಉಪ್ಪು ತೆಗೆಯಲ್ಲ. ಈ ನೀರನ್ನ ಮತ್ತೆ ಬಾನಿಗೆ ಬಳಸಬಹುದು, ತೋಟಕ್ಕೆ ಬಿಡಬ್ಯಾಡ್ರಿ.

ಇಟ್ಟಿಗೆಗೂಡು (ಹಿರಿಯೂರು)
ಬಣ್ಣ ಕುಡಿದ ಮಣ್ಣನ್ನ ಇಟ್ಟಿಗೆಗೆ ಕಲಸಿಬಿಡಿ. ಗೂಡಿನ 900 ಡಿಗ್ರಿಗೆ ಎಲ್ಲಾ ಸುಟ್ಟು ಹೋಗುತ್ತೆ.

ಪದರಪದರ
ಬಣ್ಣ ಸುಡುತ್ತೆ, ಕ್ರೋಮಿಯಂ ಸುಡಲ್ಲ. ಮೆಟಲ್ ಕಾಂಪ್ಲೆಕ್ಸ್ ಡೈಯಲ್ಲಿರೋದು ಮೂರರ ವೇಲೆನ್ಸಿಯ ಕ್ರೋಮಿಯಂ. ಗಾಳಿ, ಸುಣ್ಣ, ಸೋಡಾ ಮೂರೂ ಸೇರಿದ ಬೆಂಕಿಯಲ್ಲಿ ಅದು ಆರರದ್ದಾಗಬಹುದು. ಅದು ವಿಷ, ನೀರಲ್ಲಿ ಕರಗುತ್ತೆ, ಮಳೆಗೆ ಇಟ್ಟಿಗೆಯಿಂದ ಇಳಿಯುತ್ತೆ. ದಯವಿಟ್ಟು ಬೇಡ. ಕಪ್ಪು-ನೀಲಿ ಬಾನಿಯ ಗಸಿ ಬೇರೆ ಚೀಲ, ಉಳಿದದ್ದು ಬೇರೆ. ಎರಡನ್ನೂ 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಒಣಗಿಸಿ, ಮಳೆ ತಾಗದ ಕಡೆ ಇಟ್ಟು, ಅನುಮತಿ ಇರುವ ವಿಲೇವಾರಿ ಕೇಂದ್ರಕ್ಕೆ ಕಳಿಸಬೇಕು.

ಇಟ್ಟಿಗೆಗೂಡು (ಹಿರಿಯೂರು)
ಕ್ರೋಮಿಯಂ ವಿಷಯ ಯೋಚಿಸಿರಲಿಲ್ಲ. ಹಿಂದೆ ತಗೋತೀನಿ.

ರೇಷ್ಮೆಬಾನಿ (ಮೊಳಕಾಲ್ಮೂರು)
ಹಾಗಾದ್ರೆ ಮೆಟಲ್ ಕಾಂಪ್ಲೆಕ್ಸ್ ಬದಲು ಲೋಹ ಇಲ್ಲದ ಕಪ್ಪು ಸಿಗುತ್ತಾ? ಸಿಕ್ಕರೆ ಗಸಿ ಬೇರೆ ಮಾಡೋ ತಾಪತ್ರಯವೇ ಇಲ್ಲ.

ಬಣ್ಣತಂತ್ರ
ಲೋಹ ಇಲ್ಲದ ಮಿಲ್ಲಿಂಗ್ ಜಾತಿಯ ಆಸಿಡ್ ಕಪ್ಪು ಇದೆ. ತೊಳೆದಾಗ ಬಣ್ಣ ನಿಲ್ಲುತ್ತೆ, ಬಿಸಿಲಿಗೆ ಮೆಟಲ್ ಕಾಂಪ್ಲೆಕ್ಸ್‌ನಷ್ಟು ತಡೆಯಲ್ಲ. ಮಾರುವವರ ಹತ್ತಿರ ತಾಂತ್ರಿಕ ಹಾಳೆ ಕೇಳಿ, ಕ್ರೋಮಿಯಂ ಕೋಬಾಲ್ಟ್ ಇಲ್ಲ ಅಂತ ಬರೆದಿರೋದು ನೋಡಿ ತಗೊಳ್ಳಿ. ಹೊಸ ಡೈ ಬಂದ ದಿನ ಜಾಡಿ ಪರೀಕ್ಷೆ ಮತ್ತೆ ಮಾಡಬೇಕು, ಹಳೆ ಅಳತೆ ನಡೆಯಲ್ಲ.

ಫೌಂಡ್ರಿಮರಳು
ಬೆಂಟೊನೈಟ್ ಹೊಸ ಮೂಟೆ ಬಂದ ದಿನಾನೂ ಮೆಥಿಲೀನ್ ಬ್ಲೂ ಮಾಡ್ರಿ. ಒಂದೇ ಅಂಗಡಿ ಮೂಟೆ ಮೂಟೆಗೂ ಸಿಇಸಿ ಬೇರೆ ಇರ್ತೈತಿ. ಕಡಿಮೆ ಸಿಇಸಿ ಮಣ್ಣಿಗೆ ಹಳೆ ಲೆಕ್ಕದ ಕ್ವಾಟ್ ಹಾಕಿದ್ರೆ ಉಳಿದದ್ದೆಲ್ಲಾ ನೀರಿಗೇ.